ದಾಸರ ದಾಸ ಸಂತ ಪೀಟರ್ ಕ್ಲೇವರ್

ಧರ್ಮಕೇಂದ್ರವೊಂದು ನೂರು ವರ್ಷಗಳನ್ನು ಪೂರೈಸಿದಾಗ, ನಮ್ಮ ಹಿರಿಯರು ಎಲ್ಲಿಂದ ಬಂದರು, ಏತಕ್ಕಾಗಿ ಬಂದರು ಎಂಬ ವಿಚಾರವು ಸಹಜವಾಗಿಯೇ ಮನಸ್ಸಿನಲ್ಲಿ ಮೂಡುತ್ತದೆ. ಹೊಲಗದ್ದೆಗಳನ್ನು ಅರಸಿ ಬಂದವರುಂಟು. ಉದ್ಯೋಗವನ್ನು ಅರಸಿ ಬಂದವರುಂಟು. ಕಷ್ಟಕಾಲದಲ್ಲಿ ಆಶ್ರಯವನ್ನು ಬೇಡಿ ಬಂದವರೂ ಉಂಟು. ಇಂದಿಗೂ ನಮ್ಮ ಮನೆಗಳ ಮಕ್ಕಳು ಬೆಂಗಳೂರು, ಮುಂಬಯಿ, ಕೊಲ್ಲಿ ರಾಷ್ಟ್ರಗಳೆಂದು ದೂರ ದೂರ ಹೋಗುತ್ತಿದ್ದಾರೆ. ಊರು ಬಿಡುವಾಗ ಕಣ್ಣೀರು ಬರುವುದು ನಿಜ. ಆದರೆ ಹೋಗಬೇಕೆಂದು ತೀರ್ಮಾನಿಸಿದವರು ಅವರೇ. ಹಿಂದಿರುಗುವ ದಾರಿಯೂ ಅವರಿಗೆ ತೆರೆದಿರುತ್ತದೆ.

ಮಾನವ ಚರಿತ್ರೆಯಲ್ಲಿ ಇನ್ನೊಂದು ಬಗೆಯ ಪ್ರಯಾಣವೂ ಉಂಟು. ಅದರಲ್ಲಿ ಪ್ರಯಾಣಿಕನು ಹೊರಡುವುದಿಲ್ಲ, ಒಯ್ಯಲ್ಪಡುತ್ತಾನೆ. ಅವನು ಊರನ್ನು ಬಿಡುವುದಿಲ್ಲ, ಊರಿನಿಂದ ಕಿತ್ತೊಗೆಯಲ್ಪಡುತ್ತಾನೆ. ಈ ಎರಡು ಬಗೆಯ ಪ್ರಯಾಣಗಳೂ ಒಂದೇ ಬಂದರಿನಲ್ಲಿ ಸಂಧಿಸಿದ ಕಾಲವೊಂದಿತ್ತು. ಆ ಬಂದರಿನಲ್ಲಿ ಸುಮಾರು ನಾಲ್ವತ್ತು ವರ್ಷ ನಿಂತು, ಸ್ವಇಚ್ಛೆಯಿಂದ ಬಂದವನಾಗಿದ್ದರೂ ಸಂಕೋಲೆಯಲ್ಲಿ ಬಂದವರೊಡನೆ ತನ್ನ ಬಾಳನ್ನು ಬೆಸೆದುಕೊಂಡ ಮಹಾತ್ಮರು ಸಂತ ಪೀಟರ್ ಕ್ಲೇವರ್. ಈ ಸ್ಮರಣ ಸಂಚಿಕೆಯ ಓದುಗರ ಮುಂದೆ ಅವರ ಜೀವನವನ್ನು ಸಂಗ್ರಹವಾಗಿ ಇಡುವುದು ಉಚಿತವೆಂದು ನಾವು ಭಾವಿಸುತ್ತೇವೆ.

ಬಾಲ್ಯ ಮತ್ತು ದೈವಕರೆ

ಪೀಟರ್ ಕ್ಲೇವರ್‌ರವರು 1580ರಲ್ಲಿ ಸ್ಪೇನ್ ದೇಶದ ಕತಲೋನಿಯ ಪ್ರಾಂತದ ವೆರ್ದು ಎಂಬ ಸಣ್ಣ ಊರಿನಲ್ಲಿ, ಬೇಸಾಯದ ಮನೆತನವೊಂದರಲ್ಲಿ ಜನಿಸಿದರು. ಬಾರ್ಸಿಲೋನ ನಗರದಲ್ಲಿ ವಿದ್ಯಾಭ್ಯಾಸ ಮಾಡಿ, 1602ರಲ್ಲಿ ತಾರಾಗೋನದಲ್ಲಿ ಯೇಸುಸಭೆಯನ್ನು ಸೇರಿದರು. ತತ್ವಶಾಸ್ತ್ರದ ಅಧ್ಯಯನಕ್ಕಾಗಿ ಹಿರಿಯರು ಅವರನ್ನು ಮಯೋರ್ಕ ದ್ವೀಪದ ಪಾಲ್ಮ ಪಟ್ಟಣದ ಕಾಲೇಜಿಗೆ ಕಳುಹಿಸಿದರು.

ಆ ಕಾಲೇಜಿನ ಪ್ರಾಧ್ಯಾಪಕರಿಗಿಂತ ಅದರ ದ್ವಾರಪಾಲಕರೇ ಕ್ಲೇವರ್‌ರವರಿಗೆ ನಿಜವಾದ ಗುರುಗಳಾದರು. ಆ ವೃದ್ಧ ಸಹೋದರರ ಹೆಸರು ಅಲ್ಫೋನ್ಸ್ ರೊಡ್ರಿಗಸ್. ಹಿಂದೆ ಬಟ್ಟೆಯ ವ್ಯಾಪಾರಿಯಾಗಿದ್ದು, ಹೆಂಡತಿ ಮಕ್ಕಳನ್ನು ಕಳೆದುಕೊಂಡು, ಯೇಸುಸಭೆಯಲ್ಲಿ ಸಾಮಾನ್ಯ ಸಹೋದರರಾಗಿ ಸೇರಿದವರು ಅವರು. ಬಾಗಿಲು ತಟ್ಟಿದ ಪ್ರತಿಯೊಬ್ಬರನ್ನೂ ಪ್ರಭು ಯೇಸುವೇ ಬಂದರೆಂಬಂತೆ ಬರಮಾಡಿಕೊಳ್ಳುತ್ತಿದ್ದರು. ಸಮುದ್ರದಾಚೆಯ ನಾಡುಗಳಲ್ಲಿ ಆತ್ಮಗಳು ಕಾಯುತ್ತಿವೆ, ಅಲ್ಲಿಗೆ ಹೋಗಬೇಕು ಎಂದು ಯುವಕ ಕ್ಲೇವರ್‌ರನ್ನು ಹುರಿದುಂಬಿಸಿದವರು ಇವರೇ. ಬಾಗಿಲಲ್ಲಿ ನಿಂತವರನ್ನು ಬರಮಾಡಿಕೊಳ್ಳುವ ಆ ವಿದ್ಯೆಯೇ ಮುಂದೆ ಶಿಷ್ಯನ ಇಡೀ ಜೀವನದ ಕಾಯಕವಾಯಿತು.

ಹೆಸರಿನೊಂದಿಗೆ ಬಂದವರು

1610ರಲ್ಲಿ ಕ್ಲೇವರ್‌ರವರು ಸೆವಿಲ್ ನಗರದಿಂದ ಅಮೆರಿಕ ಖಂಡಕ್ಕೆ ಹಡಗು ಹತ್ತಿದರು. ಆ ಕಾಲದಲ್ಲಿ ಸ್ಪೇನಿನಿಂದ ಹೊಸ ನಾಡಿಗೆ ಹೋಗುವವರು ಯಾರೇ ಆಗಲಿ, 1503ರಲ್ಲಿ ಸೆವಿಲ್‌ನಲ್ಲಿ ಸ್ಥಾಪಿತವಾಗಿದ್ದ ರಾಜರ ವ್ಯಾಪಾರ ಕಚೇರಿಯಿಂದ ಅಪ್ಪಣೆ ಪಡೆಯಬೇಕಾಗಿತ್ತು. ಪ್ರಯಾಣಿಕನ ಹೆಸರು, ಅವನ ತಂದೆ ತಾಯಿಯರ ಹೆಸರು, ಅವನು ಹುಟ್ಟಿದ ಊರು ಇವುಗಳನ್ನು ಅಲ್ಲಿ ಬರೆದುಕೊಳ್ಳುತ್ತಿದ್ದರು. ಆ ದಪ್ಪ ದಪ್ಪ ಪುಸ್ತಕಗಳು ಸೆವಿಲ್‌ನ ದಾಖಲೆ ಭಂಡಾರದಲ್ಲಿ ಇಂದಿಗೂ ಉಳಿದಿವೆ. ಹೀಗೆ ಹೋದವರಲ್ಲಿ ಸಿರಿಯನ್ನು ಬಯಸಿದವರಿದ್ದರು, ಸಾಲಕ್ಕೆ ಅಂಜಿ ಓಡಿದವರಿದ್ದರು, ಮೊದಲೇ ಹೋಗಿದ್ದ ಗಂಡನನ್ನು ಸೇರಲು ಹೊರಟ ಹೆಂಗಸರಿದ್ದರು. ಸಮುದ್ರದ ಅಪಾಯವು ಅವರಿಗೂ ಇತ್ತು. ರೋಗರುಜಿನಗಳು ಅವರನ್ನೂ ಬಿಡಲಿಲ್ಲ. ಆದರೂ ತಾನು ಯಾರು, ಯಾರ ಮಗ, ಏಕೆ ಹೊರಟೆ ಎಂಬುದು ಅವರಲ್ಲಿ ಪ್ರತಿಯೊಬ್ಬನಿಗೂ ತಿಳಿದಿತ್ತು. ಅದು ಬರಹದಲ್ಲಿಯೂ ಉಳಿಯಿತು.

ಕ್ಲೇವರ್‌ರವರು ಇಂದಿನ ಕೊಲಂಬಿಯ ದೇಶದ ಬೊಗೋಟ ಮತ್ತು ತುಂಹ ಪಟ್ಟಣಗಳಲ್ಲಿ ದೈವಶಾಸ್ತ್ರದ ಅಧ್ಯಯನ ನಡೆಸಿದರು. ತಾವು ಗುರುಪಟ್ಟಕ್ಕೆ ಯೋಗ್ಯರಲ್ಲವೆಂದು ಅಳುಕಿ, ಸಹೋದರರಾಗಿಯೇ ಉಳಿಯಲು ಬಯಸಿದ್ದುಂಟು. ಕೊನೆಗೆ ಹಿರಿಯರ ಮಾತಿಗೆ ತಲೆಬಾಗಿ, 1616ರ ಮಾರ್ಚ್ 19ರಂದು, ಸಂತ ಜೋಸೆಫರ ಹಬ್ಬದ ದಿನ, ಕರಾವಳಿಯ ಕಾರ್ತಹೇನ ನಗರದಲ್ಲಿ ಗುರುದೀಕ್ಷೆ ಪಡೆದರು. ಅಂದಿನಿಂದ ಮರಣದವರೆಗೆ ಆ ನಗರವೇ ಅವರ ಕಾರ್ಯಕ್ಷೇತ್ರವಾಯಿತು.

ಎಣಿಕೆಯಲ್ಲಿ ಬಂದವರು

ಕಾರ್ತಹೇನವು ಸ್ಪೇನ್ ಸಾಮ್ರಾಜ್ಯದ ಮುಖ್ಯ ರೇವುಗಳಲ್ಲೊಂದು. ಆಫ್ರಿಕದ ಗುಲಾಮರನ್ನು ಇಳಿಸಲು ರಾಜಾನುಮತಿ ಇದ್ದ ಕೆಲವೇ ಬಂದರುಗಳಲ್ಲಿ ಅದೂ ಒಂದಾಗಿತ್ತು. 1595ರಿಂದ 1640ರವರೆಗೆ ಈ ವ್ಯಾಪಾರದ ಗುತ್ತಿಗೆಯು ಪೋರ್ಚುಗೀಸ್ ವರ್ತಕರ ಕೈಯಲ್ಲಿತ್ತು. ಗಿನಿ ನದಿಗಳ ತೀರದಿಂದಲೂ ಅಂಗೋಲದ ಲುವಾಂಡದಿಂದಲೂ ಹಡಗುಗಳು ಬರುತ್ತಿದ್ದವು. ಯುದ್ಧದಲ್ಲಿ ಸೆರೆಸಿಕ್ಕವರು, ದಾರಿಯಲ್ಲಿ ಹಿಡಿಯಲ್ಪಟ್ಟವರು, ಸಾಲಕ್ಕಾಗಿ ಮಾರಲ್ಪಟ್ಟವರು, ಮಕ್ಕಳು, ಬಸುರಿಯರು, ಎಲ್ಲರೂ ಹಡಗಿನ ತಳದಲ್ಲಿ ಸರಪಣಿಯಿಂದ ಬಿಗಿಯಲ್ಪಟ್ಟು, ಗಾಳಿ ಬೆಳಕುಗಳಿಲ್ಲದೆ ವಾರಗಟ್ಟಲೆ ಬಿದ್ದಿರುತ್ತಿದ್ದರು. ಅವರ ತಂದೆ ತಾಯಿಯರ ಹೆಸರನ್ನು ಯಾರೂ ಬರೆದುಕೊಳ್ಳಲಿಲ್ಲ. ಲೆಕ್ಕದ ಪುಸ್ತಕದಲ್ಲಿ ಅವರು ಇಷ್ಟು ನಗಗಳು ಮಾತ್ರ. ಹೆಸರಿನ ಬದಲು ಮೈಮೇಲೆ ಕಾದ ಕಬ್ಬಿಣದ ಮುದ್ರೆ ಬೀಳುತ್ತಿತ್ತು.

ಈ ವ್ಯಾಪಾರದ ಗಾತ್ರವನ್ನು ಓದುಗರು ತಿಳಿಯಬೇಕು. ಸುಮಾರು ಮೂರೂವರೆ ಶತಮಾನಗಳಲ್ಲಿ ಆಫ್ರಿಕದ ತೀರದಿಂದ ಅಟ್ಲಾಂಟಿಕ್ ಸಾಗರದ ಹಡಗುಗಳಿಗೆ ತುಂಬಲ್ಪಟ್ಟವರು ಸುಮಾರು 1 ಕೋಟಿ 25 ಲಕ್ಷ ಜನರೆಂದು ಇತಿಹಾಸಕಾರರು ಲೆಕ್ಕ ಹಾಕಿದ್ದಾರೆ. ಜೀವಸಹಿತ ಆಚೆಯ ದಡ ಮುಟ್ಟಿದವರು ಸುಮಾರು 1 ಕೋಟಿ 7 ಲಕ್ಷ. ಉಳಿದವರಿಗೆ ಸಮುದ್ರವೇ ಸಮಾಧಿಯಾಯಿತು. 1820ರವರೆಗೆ ಅಟ್ಲಾಂಟಿಕ್ ದಾಟಿ ಅಮೆರಿಕ ಖಂಡಗಳನ್ನು ಸೇರಿದವರಲ್ಲಿ ಯೂರೋಪಿನವರಿಗಿಂತ ಆಫ್ರಿಕದವರ ಸಂಖ್ಯೆಯೇ ಮೂರು ನಾಲ್ಕು ಪಟ್ಟು ಹೆಚ್ಚು. ಅಮೆರಿಕವನ್ನು ವಲಸೆಗಾರರು ಕಟ್ಟಿದ ನಾಡು ಎನ್ನುವುದು ವಾಡಿಕೆ. ಆದರೆ ಆ ಮೊದಲ ಶತಮಾನಗಳಲ್ಲಿ ಅಲ್ಲಿಗೆ ಬಂದವರಲ್ಲಿ ಬಹುಮಂದಿ ಬರಲು ಒಪ್ಪಿದವರೇ ಅಲ್ಲ.

ಕೈಗಳ ಭಾಷೆ

ಕ್ಲೇವರ್‌ರವರಿಗಿಂತ ಮೊದಲೇ ಕಾರ್ತಹೇನದಲ್ಲಿ ಈ ಜನರ ಸೇವೆಯನ್ನು ಆರಂಭಿಸಿದವರು ಯೇಸುಸಭೆಯ ಅಲೋನ್ಸೊ ದ ಸಂದೋವಾಲ್ ಸ್ವಾಮಿಗಳು. ಆಫ್ರಿಕದ ಬೇರೆ ಬೇರೆ ಜನಾಂಗಗಳ ನುಡಿ ನಡೆಗಳನ್ನು ವಿಚಾರಿಸಿ ತಿಳಿದುಕೊಂಡು, 1627ರಲ್ಲಿ ಅವರು ಒಂದು ದೊಡ್ಡ ಗ್ರಂಥವನ್ನೇ ಪ್ರಕಟಿಸಿದರು. ಕ್ಲೇವರ್‌ರವರು ಅವರ ಬಳಿ ಕೆಲಸ ಕಲಿತು, ಬಳಿಕ ಅದನ್ನು ತಮ್ಮದಾಗಿಸಿಕೊಂಡರು.

ಗುಲಾಮರ ಹಡಗು ಬರುತ್ತಿದೆಯೆಂದು ಮೊದಲು ಸುದ್ದಿ ತಂದವರಿಗಾಗಿ ಬಲಿಪೂಜೆ ಅರ್ಪಿಸುವುದಾಗಿ ಅವರು ಮಾತು ಕೊಟ್ಟಿದ್ದರು. ಸುದ್ದಿ ಬಂದೊಡನೆ ಹಣ್ಣು, ನಿಂಬೆ, ರೊಟ್ಟಿ, ಔಷಧಗಳನ್ನು ಹೊತ್ತು ರೇವಿಗೆ ಓಡುತ್ತಿದ್ದರು. 1627ರ ಮೇ 30ರಂದು, ಪರಮ ತ್ರಿತ್ವದ ಹಬ್ಬದ ದಿನ, ಅಂತಹ ಒಂದು ಹಡಗು ಬಂದಾಗ ನಡೆದದ್ದನ್ನು ಅವರೇ ಮರುದಿನ ಹಿರಿಯರಿಗೆ ಬರೆದ ಪತ್ರದಲ್ಲಿ ವಿವರಿಸಿದ್ದಾರೆ. ರೋಗಿಗಳು ಒದ್ದೆ ನೆಲದ ಮೇಲೆ ಬಿದ್ದಿದ್ದರು. ನೀರು ನಿಲ್ಲದಿರಲೆಂದು ಒಡೆದ ಹೆಂಚು ಇಟ್ಟಿಗೆಗಳನ್ನು ರಾಶಿ ಹಾಕಿದ್ದರು; ಅದೇ ಅವರ ಹಾಸಿಗೆ. ಮೈಮೇಲೆ ಬಟ್ಟೆಯಿರಲಿಲ್ಲ. ಕ್ಲೇವರ್‌ರವರೂ ಸಂಗಡಿಗರೂ ಮೇಲಂಗಿಗಳನ್ನು ಕಳಚಿ, ಮರದ ಹಲಗೆಗಳನ್ನು ತಂದು ನೆಲಕ್ಕೆ ಹಾಸಿ, ರೋಗಿಗಳನ್ನು ಎತ್ತಿ ಅವುಗಳ ಮೇಲೆ ಮಲಗಿಸಿದರು. ಇಬ್ಬರ ಮೈ ಆಗಲೇ ತಣ್ಣಗಾಗುತ್ತಿತ್ತು. ಅವರ ಬಳಿ ಕೆಂಡವಿಟ್ಟು, ಸುವಾಸನೆಯ ಹೊಗೆ ಹಾಕಿ, ತಮ್ಮ ಮೇಲಂಗಿಗಳನ್ನೇ ಹೊದಿಸಿದರು. ಸ್ವಲ್ಪ ಹೊತ್ತಿನಲ್ಲಿ ಅವರಿಬ್ಬರೂ ಕಣ್ಣು ತೆರೆದರು.

ಅಷ್ಟಾಗುವವರೆಗೂ ಕ್ಲೇವರ್‌ರವರು ಧರ್ಮೋಪದೇಶದ ಮಾತನ್ನೇ ಎತ್ತಲಿಲ್ಲ. ತಮ್ಮನ್ನು ತಿನ್ನುವುದಕ್ಕಾಗಿಯೇ ಇಲ್ಲಿಗೆ ತಂದಿದ್ದಾರೆಂದು ಆ ದೀನರು ನಂಬಿದ್ದರು. ಅಂಥವರೊಡನೆ ಮೊದಲು ಕೈಗಳ ಮೂಲಕವೇ ಮಾತನಾಡಬೇಕು, ಬಾಯಿಮಾತು ಅನಂತರದ್ದು ಎಂಬುದು ಅವರು ಕಂಡುಕೊಂಡ ಸತ್ಯ. ಇಲ್ಲಿ ನಾವು ಒಂದು ಕ್ಷಣ ನಿಲ್ಲಬೇಕು. ಪರನಾಡಿಗೆ ತಾನಾಗಿ ಹೋದವನಿಗೆ ಅಲ್ಲಿ ಏನು ಸಿಗಬಹುದೆಂಬ ಆಸೆ ಇರುತ್ತದೆ. ಸಂಕೋಲೆಯಲ್ಲಿ ಬಂದವನಿಗೆ ತನ್ನನ್ನು ಏಕೆ ತಂದರು ಎಂಬುದೇ ತಿಳಿದಿರುವುದಿಲ್ಲ. ಎರಡೂ ಪ್ರಯಾಣಗಳ ನಡುವಿನ ಅಂತರವನ್ನು ಅಳೆಯಲು ಈ ಒಂದು ಭಯವೇ ಸಾಕು.

ದ್ವಿಭಾಷಿಗಳು

ಹಡಗಿನಿಂದ ಇಳಿದವರು ಹತ್ತಾರು ಭಾಷೆಗಳನ್ನು ಆಡುವವರು. ಆದ್ದರಿಂದ ಕ್ಲೇವರ್‌ರವರ ಜೊತೆ ಯಾವಾಗಲೂ ಆಫ್ರಿಕದ ದ್ವಿಭಾಷಿಗಳಿರುತ್ತಿದ್ದರು. ಅವರಲ್ಲಿ ಅಂಗೋಲದ ಆಂದ್ರೆಸ್ ಸಕಬೂಚೆ ಎಂಬಾತನ ಹೆಸರು ಚರಿತ್ರೆಯಲ್ಲಿ ಉಳಿದಿದೆ. ರೋಗಿಯ ಪಕ್ಕದಲ್ಲಿ ಕುಳಿತು, ಅವನ ತಾಯಿನುಡಿಯಲ್ಲಿ ಮಾತನಾಡಿ, ಪ್ರಾರ್ಥನೆ ಕಲಿಸಿ, ಶಿಲುಬೆಯ ಚಿತ್ರವನ್ನು ತೋರಿಸಿ ವಿವರಿಸುತ್ತಿದ್ದವರು ಈ ದ್ವಿಭಾಷಿಗಳೇ. ಜ್ಞಾನಸ್ನಾನ ಪಡೆದವರ ಕೊರಳಿಗೆ ಕ್ಲೇವರ್‌ರವರು ಯೇಸುವಿನ ಮತ್ತು ಮಾತೆ ಮರಿಯಮ್ಮನವರ ಗುರುತುಳ್ಳ ಸೀಸದ ಪದಕವನ್ನು ಹಾಕುತ್ತಿದ್ದರು. ಯಜಮಾನನು ಸುಟ್ಟೊತ್ತಿದ ಮುದ್ರೆಯಿದ್ದ ಮೈಮೇಲೆಯೇ, ಅವರು ದೇವರ ಮಕ್ಕಳೆಂದು ಸಾರುವ ಈ ಎರಡನೆಯ ಗುರುತೂ ಬಿತ್ತು. ಅವರ ಕೈಯಿಂದ ಜ್ಞಾನಸ್ನಾನ ಪಡೆದವರು ಮೂರು ಲಕ್ಷ ಮಂದಿಯೆಂದು ಸಂಪ್ರದಾಯವು ಹೇಳುತ್ತದೆ.

ಇನ್ನೊಂದು ಸಂಗತಿಯನ್ನು ನಾವು ಮರೆಮಾಚಬಾರದು. ಈ ದ್ವಿಭಾಷಿಗಳೂ ಗುಲಾಮರೇ. ಅವರ ಒಡೆತನವು ಯೇಸುಸಭೆಯ ಕಾಲೇಜಿನದಾಗಿತ್ತು. ಕ್ಲೇವರ್‌ರವರ ಮರಣಾನಂತರ ಅವರ ಜೀವನದ ಬಗ್ಗೆ ವಿಚಾರಣೆ ನಡೆದಾಗ ಸಾಕ್ಷಿ ನುಡಿದವರಲ್ಲಿ ಸಕಬೂಚೆ ಮೊದಲಾದ ಈ ಆಫ್ರಿಕನರೂ ಇದ್ದರು. ಒಬ್ಬ ಸಂತನ ಬಗ್ಗೆ ನಮಗೆ ತಿಳಿದಿರುವ ಬಹುಭಾಗವು ಸ್ವಾತಂತ್ರ್ಯವಿಲ್ಲದವರ ಬಾಯಿಂದ ಬಂದದ್ದು.

ದಾಸತ್ವದ ವಾಗ್ದಾನ

1622ರಲ್ಲಿ ಕ್ಲೇವರ್‌ರವರು ಯೇಸುಸಭೆಯಲ್ಲಿ ತಮ್ಮ ಅಂತಿಮ ವ್ರತಗಳನ್ನು ಸ್ವೀಕರಿಸಿದರು. ಆ ಪತ್ರಕ್ಕೆ ಸಹಿ ಹಾಕುವಾಗ ತಮ್ಮ ಹೆಸರಿನ ಮುಂದೆ, ತಾವು ಆಫ್ರಿಕದ ಜನರಿಗೆ ಎಂದೆಂದಿಗೂ ದಾಸರೆಂದು ಲತೀನ್ ಭಾಷೆಯಲ್ಲಿ ಬರೆದರು. ಸ್ವತಂತ್ರನಾಗಿ ಸಮುದ್ರ ದಾಟಿದವನು, ಸ್ವಾತಂತ್ರ್ಯ ಕಳೆದುಕೊಂಡವರ ಸೇವೆಗಾಗಿ ತನ್ನ ಸ್ವಾತಂತ್ರ್ಯವನ್ನೇ ಮುಡುಪಾಗಿಟ್ಟನು. ಅವರ ಜೀವನದ ತಿರುಳು ಇದೇ.

ಆ ಮಾತನ್ನು ಅವರು ಉಳಿದ ಮೂವತ್ತೆರಡು ವರ್ಷಗಳ ಕಾಲ ನಡೆಸಿಕೊಟ್ಟರು. ಪಾಪನಿವೇದನೆಯ ಪೀಠದಲ್ಲಿ ಗುಲಾಮರಿಗೆ ಮೊದಲ ಸ್ಥಾನ. ನಗರದ ಸಿರಿವಂತ ಮಹಿಳೆಯರು ಕಾಯಬೇಕಾಗಿತ್ತು. ಗುಲಾಮರ ಮೈವಾಸನೆಯಿಂದ ದೇವಾಲಯಕ್ಕೆ ಬರಲಾಗದೆಂದು ಕೆಲವರು ದೂರಿದರು. ಗುಲಾಮರ ಕೆಲಸದ ವೇಳೆ ವ್ಯರ್ಥವಾಗುತ್ತದೆಂದು ಯಜಮಾನರು ಸಿಡಿಮಿಡಿಗೊಂಡರು. ಸ್ವಾಮಿಗಳು ತಮ್ಮ ಕ್ರಮವನ್ನು ಬದಲಿಸಲಿಲ್ಲ. ಪಾಸ್ಖ ಹಬ್ಬ ಕಳೆದ ಮೇಲೆ ಸುತ್ತಲಿನ ತೋಟಗಳಿಗೆ ಹೋಗುತ್ತಿದ್ದರು. ಅಲ್ಲಿಯೂ ಯಜಮಾನನ ಮನೆಯನ್ನು ಬಿಟ್ಟು ಗುಲಾಮರ ಗುಡಿಸಲಿನಲ್ಲಿಯೇ ತಂಗುತ್ತಿದ್ದರು. ಸಂತ ಲಾಜರನ ಕುಷ್ಠರೋಗಾಲಯವೂ, ಸಂತ ಸೆಬಾಸ್ತಿಯನರ ಆಸ್ಪತ್ರೆಯೂ, ಸೆರೆಮನೆಯೂ ಅವರ ನಿತ್ಯದ ದಾರಿಗಳಾಗಿದ್ದವು.

ಆದರೆ ಸಂತರೂ ತಮ್ಮ ಕಾಲದ ಮಕ್ಕಳೇ. ಗುಲಾಮರ ರಾತ್ರಿಯ ಕುಣಿತಗಳನ್ನು ಕ್ಲೇವರ್‌ರವರು ಸಹಿಸಲಿಲ್ಲ. ಅವರ ಡೋಲುಗಳನ್ನು ಕಸಿದುಕೊಂಡದ್ದುಂಟು. ಊರನ್ನೂ ಹೆಸರನ್ನೂ ಕಳೆದುಕೊಂಡವರಿಗೆ ಆ ಡೋಲು ಏನಾಗಿತ್ತೆಂಬುದು ಅಂದು ಅವರಿಗೆ ಕಾಣಲಿಲ್ಲ. ಗುಲಾಮಗಿರಿಯೇ ಅನ್ಯಾಯ, ಅದು ಅಳಿಯಬೇಕು ಎಂದು ಅವರು ಬಹಿರಂಗವಾಗಿ ವಾದಿಸಲೂ ಇಲ್ಲ. ಆ ಮಾತನ್ನು ಗಟ್ಟಿಯಾಗಿ ಹೇಳಿದವರು ಅವರ ತರುವಾಯ, 1681ರ ಸುಮಾರಿಗೆ ಹವಾನದಲ್ಲಿದ್ದ ಫ್ರಾನ್ಸಿಸ್ಕೊ ಹೋಸೆ ದ ಹಾಕ ಮತ್ತು ಎಪಿಫಾನಿಯೊ ದ ಮುವರಾನ್ಸ್ ಎಂಬ ಇಬ್ಬರು ಕಪುಚಿನ್ ಗುರುಗಳು. ಗುಲಾಮರನ್ನು ಬಿಡುಗಡೆ ಮಾಡಬೇಕು, ಅವರು ದುಡಿದುದಕ್ಕೆ ಕೂಲಿಯನ್ನೂ ಕೊಡಬೇಕು ಎಂದ ಅವರನ್ನು ಸೆರೆಯಲ್ಲಿಟ್ಟು ಸ್ಪೇನಿಗೆ ಕಳುಹಿಸಲಾಯಿತು.

ಗುಲಾಮರಲ್ಲಿ ಕೆಲವರು ಯಾರ ಕರುಣೆಗೂ ಕಾಯಲಿಲ್ಲ. ಬೆಂಕೋಸ್ ಬಿಯೋಹೊ ಎಂಬ ನಾಯಕನ ಕೆಳಗೆ ಅವರು ಕಾರ್ತಹೇನದಿಂದ ತಪ್ಪಿಸಿಕೊಂಡು ಒಳನಾಡಿನ ಕಾಡುಗಳಲ್ಲಿ ತಮ್ಮದೇ ಪಾಳೆಯಗಳನ್ನು ಕಟ್ಟಿದರು. ಸರಕಾರವು 1621ರಲ್ಲಿ ಅವನನ್ನು ಗಲ್ಲಿಗೇರಿಸಿತು. ಆದರೂ ಅಂತಹ ಪಾಳೆಯಗಳಲ್ಲೊಂದಾದ ಸಾನ್ ಬಸಿಲಿಯೊ ದ ಪಲೆಂಕೆ ಎಂಬ ಊರು ತನ್ನ ಭಾಷೆಯೊಡನೆ ಇಂದಿಗೂ ಬಾಳುತ್ತಿದೆ. ಒಯ್ಯಲ್ಪಟ್ಟವರು ತಾವೇ ಆರಿಸಿಕೊಂಡ ಮೊದಲ ಪ್ರಯಾಣ ಅದು.

ಕೊನೆಯ ದಿನಗಳು

1650ರಲ್ಲಿ ಕಾರ್ತಹೇನದ ಕರಾವಳಿಗೆ ಭೀಕರ ಸಾಂಕ್ರಾಮಿಕ ರೋಗ ಬಂದಿತು. ಕ್ಲೇವರ್‌ರವರೂ ಅದಕ್ಕೆ ತುತ್ತಾದರು. ಪ್ರಾಣ ಉಳಿಯಿತಾದರೂ ಕೈಕಾಲುಗಳ ಶಕ್ತಿ ಹೋಯಿತು. ಬಲಿಪೂಜೆ ಅರ್ಪಿಸುವುದೂ ಆಗದಾಯಿತು. ನಾಲ್ಕು ವರ್ಷಗಳ ಕಾಲ ಒಂದು ಕೋಣೆಯಲ್ಲಿ ಬಹುತೇಕ ಒಂಟಿಯಾಗಿ ಬಿದ್ದಿದ್ದರು. ನಗರವು ಅವರನ್ನು ಮರೆತಿತ್ತು. ಅವರ ಆರೈಕೆಗೆ ನೇಮಕನಾಗಿದ್ದ ಒಬ್ಬ ಗುಲಾಮ ಯುವಕನು ಅವರನ್ನು ಒರಟಾಗಿ ಎಳೆದಾಡುತ್ತಿದ್ದನೆಂದೂ, ಅವರ ಆಹಾರವನ್ನು ತಾನೇ ತಿಂದು ಅಳಿದುಳಿದುದನ್ನು ಕೊಡುತ್ತಿದ್ದನೆಂದೂ ಚರಿತ್ರಕಾರರು ಹೇಳುತ್ತಾರೆ. ಕ್ಲೇವರ್‌ರವರು ಒಮ್ಮೆಯೂ ದೂರಲಿಲ್ಲ. ಈ ಪ್ರಸಂಗವನ್ನು ಓದುವಾಗ ಆ ಯುವಕನ ಮೇಲೆ ಕೋಪ ಬರುವುದು ಸಹಜ. ಆದರೆ ಅವನೂ ಆ ಕೋಣೆಗೆ ತಾನಾಗಿ ಬಂದವನಲ್ಲ ಎಂಬುದನ್ನು ನಾವು ನೆನೆಯಬೇಕು. ಬಹುಶಃ ಆ ಕೋಣೆಯಲ್ಲಿ ಅದನ್ನು ಪೂರ್ಣವಾಗಿ ಬಲ್ಲವರು ಹಾಸಿಗೆಯಲ್ಲಿದ್ದ ಆ ವೃದ್ಧರೊಬ್ಬರೇ.

1654ರ ಸೆಪ್ಟೆಂಬರ್ 8ರಂದು, ಮಾತೆ ಮರಿಯಮ್ಮನವರ ಜನನೋತ್ಸವದ ದಿನ, ಅವರು ಪ್ರಭುವಿನ ಸನ್ನಿಧಿ ಸೇರಿದರು. ಅವರು ಸಾಯುತ್ತಿರುವರೆಂಬ ಸುದ್ದಿ ಹಬ್ಬಿದೊಡನೆ ಮರೆತಿದ್ದ ನಗರವೆಲ್ಲ ಕಾಲೇಜಿನ ಬಾಗಿಲಿಗೆ ನುಗ್ಗಿತು. ಗುಲಾಮರೂ ಯಜಮಾನರೂ ಅವರ ಕೈಗಳನ್ನು ಮುತ್ತಿಟ್ಟರು. ದೊಡ್ಡ ಮರ್ಯಾದೆಯಿಂದ ಅವರ ಶವಸಂಸ್ಕಾರ ನಡೆಯಿತು.

ಜಗದ್ಗುರು ಹದಿಮೂರನೆಯ ಲಿಯೋರವರು 1888ರ ಜನವರಿ 15ರಂದು ಕ್ಲೇವರ್‌ರವರಿಗೆ ಸಂತ ಪದವಿಯನ್ನು ನೀಡಿದರು. ಅದೇ ದಿನ, ಅದೇ ಸಮಾರಂಭದಲ್ಲಿ ಪಾಲ್ಮದ ಆ ದ್ವಾರಪಾಲಕ ಅಲ್ಫೋನ್ಸ್ ರೊಡ್ರಿಗಸರಿಗೂ ಸಂತ ಪದವಿ ದೊರೆಯಿತು. ಅದೇ ವರ್ಷದ ಮೇ 13ರಂದು ಬ್ರೆಜಿಲ್ ದೇಶವು ಗುಲಾಮಗಿರಿಯನ್ನು ರದ್ದುಪಡಿಸಿತು. ಕೊಲಂಬಿಯದಲ್ಲಿ ಅದನ್ನು ರದ್ದುಗೊಳಿಸುವ ಕಾನೂನು 1851ರಲ್ಲಿಯೇ ಬಂದಿತ್ತು. ಗುಲಾಮರ ವ್ಯಾಪಾರವನ್ನು ಹದಿನಾರನೆಯ ಗ್ರೆಗರಿ ಜಗದ್ಗುರುಗಳು 1839ರಲ್ಲಿ ಖಂಡಿಸಿದ್ದರು. ಸಂತರ ಪಾರ್ಥಿವಾವಶೇಷಗಳು ಇಂದು ಕಾರ್ತಹೇನದಲ್ಲಿ ಅವರದೇ ಹೆಸರಿನ ದೇವಾಲಯದ ಪೀಠದಡಿಯಲ್ಲಿವೆ. ಧರ್ಮಸಭೆಯು ಸೆಪ್ಟೆಂಬರ್ 9ರಂದು ಅವರ ಸ್ಮರಣೆಯನ್ನು ಆಚರಿಸುತ್ತದೆ. ಕೊಲಂಬಿಯದಲ್ಲಿ ಆ ದಿನವನ್ನು ಮಾನವ ಹಕ್ಕುಗಳ ದಿನವೆಂದು ಆಚರಿಸುತ್ತಾರೆ.

ನಮಗೊಂದು ಪಾಠ

ಇದು ದೂರದ ದೇಶದ ಕಥೆಯೆಂದು ನಾವು ಕೈತೊಳೆದುಕೊಳ್ಳುವಂತಿಲ್ಲ. ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ, ಯಲ್ಲಾಪುರ ಮೊದಲಾದ ಕಡೆಗಳಲ್ಲಿ ಸಿದ್ದಿ ಜನಾಂಗದವರು ನೆಲೆಸಿದ್ದಾರೆ. ಅವರಲ್ಲಿ ಅನೇಕರು ನಮ್ಮಂತೆಯೇ ಕಥೋಲಿಕರು. ಪೂರ್ವ ಆಫ್ರಿಕದಿಂದ ಪೋರ್ಚುಗೀಸರು ಗೋವೆಗೆ ಗುಲಾಮರನ್ನಾಗಿ ತಂದವರಲ್ಲಿ ಬಹುಮಂದಿ ತಪ್ಪಿಸಿಕೊಂಡು ಘಟ್ಟದ ಕಾಡುಗಳನ್ನು ಸೇರಿದರೆಂದೂ, ಅವರ ಸಂತತಿಯೇ ಇವರೆಂದೂ ಇತಿಹಾಸಕಾರರು ಹೇಳುತ್ತಾರೆ. ಪಲೆಂಕೆಯ ಕಾಡು ಮತ್ತು ನಮ್ಮ ಘಟ್ಟದ ಕಾಡು ಒಂದೇ ಬಗೆಯ ಕಥೆಯನ್ನು ಹೇಳುತ್ತವೆ. 2003ರಲ್ಲಿ ಕರ್ನಾಟಕದ ಸಿದ್ದಿಯರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಲಾಯಿತು. ಇನ್ನು ನಮ್ಮ ಕರಾವಳಿಯ ಕ್ರೈಸ್ತರ ಚರಿತ್ರೆಯಲ್ಲಿಯೂ ಎರಡು ಬಗೆಯ ಪ್ರಯಾಣಗಳಿವೆ. ಗೋವೆಯಿಂದ ಕೆನರಾ ಸೀಮೆಗೆ ತಮ್ಮ ಕಾಲಿನಿಂದಲೇ ನಡೆದು ಬಂದದ್ದು ಒಂದು. 1784ರಲ್ಲಿ ಶ್ರೀರಂಗಪಟ್ಟಣಕ್ಕೆ ಸೆರೆಯಾಳುಗಳಾಗಿ ಸಾಗಿಸಲ್ಪಟ್ಟದ್ದು ಇನ್ನೊಂದು. ಮೊದಲನೆಯದನ್ನು ಹೆಮ್ಮೆಯಿಂದಲೂ ಎರಡನೆಯದನ್ನು ನೋವಿನಿಂದಲೂ ನೆನೆಯುವ ನಮಗೆ ಇವೆರಡರ ವ್ಯತ್ಯಾಸವನ್ನು ಬೇರೆ ಯಾರೂ ಬಂದು ಕಲಿಸಬೇಕಾಗಿಲ್ಲ.

ಆದುದರಿಂದ ಎಲ್ಲರನ್ನೂ ವಲಸಿಗರೆಂಬ ಒಂದೇ ಮಾತಿನಲ್ಲಿ ಕಟ್ಟಿಹಾಕುವಾಗ ನಾವು ಎಚ್ಚರದಿಂದಿರಬೇಕು. ತಾನಾಗಿ ಬಂದವನ ಕಷ್ಟವೂ ಕಷ್ಟವೇ. ಆದರೆ ಅವನು ಅದನ್ನು ಒಂದು ಆಸೆಗಾಗಿ ಹೊತ್ತನು, ಮಕ್ಕಳಿಗೆ ತನ್ನ ಊರಿನ ಹೆಸರನ್ನು ಹೇಳಿದನು. ಒಯ್ಯಲ್ಪಟ್ಟವನ ಮಕ್ಕಳಿಗೆ ಅಜ್ಜನ ಊರೂ ತಿಳಿಯದು, ಅಜ್ಜನ ಹೆಸರೂ ತಿಳಿಯದು. ಈ ಎರಡರ ನಡುವಿನ ಗೆರೆಯು ಇಂದಿಗೂ ಅಳಿಸಿಲ್ಲ. ದುಡಿಮೆಗೆಂದು ಪರನಾಡಿಗೆ ಹೋದವನ ಪಾಸ್‌ಪೋರ್ಟನ್ನು ಯಜಮಾನನು ಕಸಿದಿಟ್ಟುಕೊಂಡರೆ, ಸ್ವಇಚ್ಛೆಯಿಂದ ಆರಂಭವಾದ ಪ್ರಯಾಣವು ಬಂಧನದಲ್ಲಿ ಮುಗಿಯುತ್ತದೆ. ನಮ್ಮ ದೇಶದಲ್ಲಿ ಜೀತಪದ್ಧತಿಯನ್ನು 1976ರ ಕಾನೂನು ರದ್ದುಪಡಿಸಿದರೂ, ಮುಂಗಡ ಹಣದ ಸಾಲಕ್ಕೆ ಸಿಕ್ಕಿ ಇಟ್ಟಿಗೆ ಗೂಡುಗಳಲ್ಲಿ ಕುಟುಂಬ ಸಮೇತ ದುಡಿಯುವವರು ಇನ್ನೂ ಇದ್ದಾರೆ.

ಅಂಥವರು ನಮ್ಮ ಧರ್ಮಕೇಂದ್ರದ ಎಲ್ಲೆಯೊಳಗೂ ಬಂದು ಇಳಿಯಬಹುದು. ಅವರು ಯಾವ ಮತದವರು, ಯಾವ ಭಾಷೆಯವರು ಎಂದು ವಿಚಾರಿಸುವ ಮೊದಲು, ಇಲ್ಲಿಗೆ ಹೇಗೆ ಬಂದರು, ಹಿಂದಿರುಗುವ ದಾರಿ ಅವರಿಗಿದೆಯೇ ಎಂದು ವಿಚಾರಿಸೋಣ. ಮಾತು ತಿಳಿಯದಿದ್ದರೆ ಸಂತ ಪೀಟರ್ ಕ್ಲೇವರ್‌ರವರಂತೆ ಕೈಗಳಿಂದ ಮಾತನಾಡೋಣ. ಅವರ ಹೆಸರನ್ನು ಕೇಳಿ, ಆ ಹೆಸರಿನಿಂದಲೇ ಕರೆಯೋಣ. ನೂರು ವರ್ಷಗಳ ಕಾಲ ಈ ದೇವಾಲಯದ ಬಾಗಿಲನ್ನು ತೆರೆದಿಟ್ಟ ಪ್ರಭುವು, ಆ ಬಾಗಿಲಲ್ಲಿ ನಿಂತು ಬರಮಾಡಿಕೊಳ್ಳುವ ಮನಸ್ಸನ್ನು ನಮಗೂ ನಮ್ಮ ಮಕ್ಕಳಿಗೂ ದಯಪಾಲಿಸಲಿ ಎಂದು ಆ ದಾಸರ ದಾಸನ ಬಿನ್ನಹದ ಮೂಲಕ ಪ್ರಾರ್ಥಿಸೋಣ.